ಮನೆಯ ಬೆಲೆ ಇಳಿದಾಗ ಮನೆಯವರು ಎಲ್ಲಿರಬೇಕು?

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಾನು ಹಿತ್ತಿಲಿನ ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕುತ್ತಿದ್ದಾಗ, ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಿಂದ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಹತ್ತನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಗಣಿತ ಕಲಿತವನು; ಈಗ ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆ. ಕುಶಲ ಪ್ರಶ್ನೆಗಳಾದ ಮೇಲೆ ವಿಷಯಕ್ಕೆ ಬಂದ. 2021ರ ಕೊನೆಯಲ್ಲಿ ಅಲ್ಲಿ ಮನೆ ಕೊಂಡಿದ್ದಾನೆ. 2022ರ ಬೇಸಿಗೆಯವರೆಗೆ ಏರಿದ ಆಸ್ಟಿನ್ನಿನ ಬೆಲೆಗಳು ಅಲ್ಲಿಂದ ಇಳಿಮುಖವಾಗಿವೆ. ಇದರ ನಡುವೆ ಇವನು ಕೆಲಸ ಮಾಡುತ್ತಿದ್ದ ವಿಭಾಗವನ್ನೇ ಕಂಪನಿಯವರು ಮುಚ್ಚಿದ್ದಾರೆ. ಹೊಸ ಕೆಲಸ ಸಿಕ್ಕಿರುವುದು ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ, ಎರಡು ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ.

"ಈಗ ಮಾರಿದರೆ ನಷ್ಟ ಸಾರ್. ನಾನೊಬ್ಬನೇ ಹೋಗಿ ರೂಮು ಮಾಡಿಕೊಂಡು, ಇವರನ್ನೆಲ್ಲ ಇಲ್ಲೇ ಬಿಟ್ಟು, ಬೆಲೆ ಚೇತರಿಸಿಕೊಂಡ ಮೇಲೆ ಮಾರಿ ಕರೆದುಕೊಂಡು ಹೋಗೋಣ ಅಂತಿದ್ದೀನಿ. ನೀವೇನಂತೀರಿ?"

ಆ ವಾಕ್ಯ ನನಗೆ ಹೊಸದಲ್ಲ. ಹೆಚ್ಚುಕಡಿಮೆ ಅದೇ ಮಾತುಗಳನ್ನು 2009ರಲ್ಲಿ ನಾನೇ ಆಡಿದ್ದೆ, ಕೇಳಿದವನು ನನ್ನ ತಮ್ಮ, ಮತ್ತು ಅವನು ಅದನ್ನು ಅಕ್ಷರಶಃ ಪಾಲಿಸಿದ. ಆ ಕಾರಣದಿಂದಲೇ ಈ ಲೇಖನ.

ನಮ್ಮ ತಂದೆ ಬೇಗ ತೀರಿಕೊಂಡದ್ದರಿಂದ, ನನಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮನನ್ನು ಓದಿಸಿದ್ದು ನಾನು. ಅವನು ಇಂಜಿನಿಯರ್ ಆಗಿ 1996ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಕೆಲಸ ಸ್ಯಾನ್ ಹೋಸೆಯಲ್ಲಿ. ಅಲ್ಲಿನ ಮನೆಗಳ ಬೆಲೆ ಕೈಗೆ ಎಟುಕದ್ದು. ಆದ್ದರಿಂದ ಅವನಂತಹ ಸಾವಿರಾರು ಜನ ಪೂರ್ವದ ಬೆಟ್ಟಸಾಲು ದಾಟಿ, ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳ ಸಾಲಿನಾಚೆ ಇರುವ ಟ್ರೇಸಿ, ಮೌಂಟನ್ ಹೌಸ್, ಸ್ಟಾಕ್ಟನ್ ಮುಂತಾದ ಊರುಗಳಲ್ಲಿ ಮನೆ ಕೊಂಡು ದಿನವೂ ಓಡಾಡುತ್ತಿದ್ದರು. ತಮ್ಮ 2006ರಲ್ಲಿ ಟ್ರೇಸಿಯಲ್ಲಿ 4,80,000 ಡಾಲರಿಗೆ ಮನೆ ಕೊಂಡ. ಕೈಯಿಂದ ಹಾಕಿದ ಮುಂಗಡ 48,000. ಉಳಿದ 4,32,000 ಮೂವತ್ತು ವರ್ಷದ ಸಾಲ, ಬಡ್ಡಿ ಶೇಕಡ 6.25. ಆ 2006ನೇ ಇಸವಿಯೇ ಅಮೆರಿಕದ ಮನೆ ಬೆಲೆಗಳ ಶಿಖರವಾಗಿತ್ತೆಂದು ಆಗ ಅವನಿಗಾಗಲೀ ನನಗಾಗಲೀ ಹೇಗೆ ಗೊತ್ತಾಗಬೇಕು?

ಮುಂದಿನದು ಎಲ್ಲರಿಗೂ ತಿಳಿದ ಕಥೆ. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಬಿದ್ದಿತು. ಅಮೆರಿಕದಲ್ಲಿ ನಿರುದ್ಯೋಗ 2009ರ ಅಕ್ಟೋಬರಿನಲ್ಲಿ ಶೇಕಡ 10ಕ್ಕೆ ಮುಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಮರುವರ್ಷ 12ನ್ನೂ ಮೀರಿತು. ದೇಶದ ಸರಾಸರಿ ಮನೆ ಬೆಲೆ 2006ರಿಂದ 2012ರವರೆಗೆ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ಆದರೆ ಸರಾಸರಿ ಎಂಬುದು ಮೋಸದ ಮಾತು. ಟೆಕ್ಸಸ್ಸಿನಲ್ಲಿ ಬೆಲೆ ಹೆಚ್ಚೇನೂ ಕುಸಿಯಲಿಲ್ಲ; ಮನೆಯನ್ನು ಒತ್ತೆಯಿಟ್ಟು ನಗದು ಎತ್ತುವುದಕ್ಕೆ ಅಲ್ಲಿನ ರಾಜ್ಯ ಸಂವಿಧಾನವೇ ಶೇಕಡ 80ರ ಮಿತಿ ಹಾಕಿದ್ದುದು ಒಂದು ಕಾರಣವೆನ್ನುತ್ತಾರೆ. ತಮ್ಮನಿದ್ದ ಕಣಿವೆಯಲ್ಲಿ ಬೆಲೆ ಅರ್ಧಕ್ಕೂ ಕೆಳಗಿಳಿಯಿತು. 2008ರ ನವೆಂಬರಿನ ಪತ್ರಿಕಾ ವರದಿಗಳ ಪ್ರಕಾರ ನೆರೆಯ ಮೌಂಟನ್ ಹೌಸಿನಲ್ಲಿ ಸುಮಾರು ಶೇಕಡ 90 ಮನೆಯೊಡೆಯರ ಸಾಲ ಅವರವರ ಮನೆಯ ಬೆಲೆಗಿಂತ ಹೆಚ್ಚಾಗಿತ್ತು. ಸ್ಟಾಕ್ಟನ್ ನಗರಸಭೆ 2012ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಇಂತಹ ಮನೆಗಳನ್ನು ಅಲ್ಲಿಯವರು 'ಅಂಡರ್ ವಾಟರ್' ಎನ್ನುತ್ತಾರೆ. ಶರಾವತಿ ಹಿನ್ನೀರಿನ ಕಥೆಗಳನ್ನು ಕೇಳಿ ಬೆಳೆದ ನಮಗೆ ಮುಳುಗಿದ ಮನೆ ಎಂದರೆ ಬೇರೆಯೇ ಚಿತ್ರ. ಇಲ್ಲಿ ಮನೆ ಒಣಗಿಯೇ ನಿಂತಿರುತ್ತದೆ, ಮುಳುಗಿರುವುದು ಒಡೆಯ.

2009ರ ವಸಂತದಲ್ಲಿ ತಮ್ಮನ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಇದ್ದುದರಿಂದ ದೇಶ ಬಿಡುವ ಪ್ರಮೇಯವಿರಲಿಲ್ಲ. ಮೂರು ತಿಂಗಳಿಗೆ ಆಸ್ಟಿನ್ನಿನಲ್ಲಿ ಬೇರೆ ಕೆಲಸ ಸಿಕ್ಕಿತು. ಪಕ್ಕದ ಬೀದಿಯಲ್ಲಿ ಅವನದೇ ಅಳತೆಯ ಮನೆಯೊಂದು ಅಷ್ಟರಲ್ಲಿ 2,40,000ಕ್ಕೆ ಮಾರಾಟವಾಗಿತ್ತು. ಅವನು ಅರ್ಧರಾತ್ರಿಯಲ್ಲಿ ಕರೆ ಮಾಡಿ, "ಅಣ್ಣ, ಏನು ಮಾಡಲಿ?" ಎಂದ.

ನಾನು ಕಾಗದ ಪೆನ್ಸಿಲು ತೆಗೆದುಕೊಂಡೆ. ಮೂರು ವರ್ಷ ತಿಂಗಳಿಗೆ 2,660ರಂತೆ ಅವನು ಕಟ್ಟಿದ್ದ ಕಂತು 95,000ಕ್ಕೂ ಹೆಚ್ಚು. ಅಸಲಿನಲ್ಲಿ ತಗ್ಗಿದ್ದು 16,000 ಮಾತ್ರ. ಮೂವತ್ತು ವರ್ಷದ ಸಾಲದ ಮೊದಲ ವರ್ಷಗಳ ಸ್ವಭಾವವೇ ಅದು. ಉಳಿದ ಸಾಲ 4,16,000, ಮನೆಯ ಬೆಲೆ 2,40,000. ಮಾರಬೇಕಾದರೆ ಕೈಯಿಂದ 1,76,000 ಡಾಲರ್ ಕೊಟ್ಟು ಮಾರಬೇಕು! "ಹೀಗೆ ಮಾರುವುದು ಹುಚ್ಚು. ನೀನು ಹೋಗು, ಮನೆಯವರು ಅಲ್ಲೇ ಇರಲಿ. ಭೂಮಿಯ ಬೆಲೆ ಇಂದಲ್ಲ ನಾಳೆ ಏರಲೇಬೇಕು" ಎಂದೆ. ಬೆಂಗಳೂರಿನಲ್ಲಿಯೇ 1990ರ ದಶಕದ ನಡುಭಾಗದಲ್ಲಿ ಉಬ್ಬಿದ ನಿವೇಶನಗಳ ಬೆಲೆ ಆಮೇಲೆ ವರ್ಷಗಟ್ಟಲೆ ಮಂಕಾಗಿ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೂ ನಾನು ಹೀಗೆ ಹೇಳಿದೆ.

ತಮ್ಮ ಒಪ್ಪಿದ. "ನೀನೂ ಪಾವಗಡದ ಕಡೆ ನಾಲ್ಕು ವರ್ಷ ಇದ್ದೆಯಲ್ಲ ಅಣ್ಣ, ನಾವೆಲ್ಲ ನಿಭಾಯಿಸಲಿಲ್ಲವೇ?" ಎಂದ.

ಅದು ನಿಜ. 1987ರಲ್ಲಿ ನನಗೆ ತುಮಕೂರಿನಿಂದ ಪಾವಗಡ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ವರ್ಗವಾಗಿತ್ತು. ಸಾಲ ಮಾಡಿ ಕಟ್ಟಿದ ಮನೆಗೆ ಇನ್ನೂ ಗಿಲಾವು ಮುಗಿದಿರಲಿಲ್ಲ. ಅರೆಬರೆ ಮನೆಯನ್ನು ಮಾರಲು ಹೋದರೆ ಕೇಳಿದವರು ಹಾಕಿದ ದುಡ್ಡೂ ಹುಟ್ಟದ ಬೆಲೆ ಹೇಳಿದರು. ಹೆಂಡತಿ, ನಾಲ್ಕು ವರ್ಷದ ಮಗ, ಓದುತ್ತಿದ್ದ ತಮ್ಮ ಅಲ್ಲಿಯೇ ಉಳಿದರು. ನಾನು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮಧುಗಿರಿಯ ಮೇಲೆ ಬರುವುದು, ಸೋಮವಾರ ಬೆಳಗಿನ ಜಾವ ಹೊರಡುವುದು. ನಾಲ್ಕು ವರ್ಷ ಇದನ್ನು ಮಾಡಿದೆ, ಮತ್ತು ಮುಂದೆ ಬಹಳ ವರ್ಷ ಅದನ್ನೊಂದು ಸಾಧನೆಯೆಂಬಂತೆ ಹೇಳಿಕೊಂಡು ತಿರುಗಿದೆ.

ಅಂದು ರಾತ್ರಿ ದೂರವಾಣಿ ಕೆಳಗಿಟ್ಟಾಗ ನನ್ನ ಹೆಂಡತಿ ಎದ್ದು ಕುಳಿತಿದ್ದಳು. "ಅವನಿಗೆ ಅದನ್ನು ಹೇಳಬಾರದಿತ್ತು. ಆ ನಾಲ್ಕು ವರ್ಷ ನೀವು ಈ ಮನೆಯಲ್ಲಿ ಇರಲಿಲ್ಲ, ನಾನಿದ್ದೆ" ಎಂದಳು. ನಾನು ಲೆಕ್ಕದ ಹಾಳೆಯನ್ನು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ.

2010ರ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಟ್ರೇಸಿಗೆ ಹೋಗಿ ಆರು ವಾರ ಇದ್ದೆವು. ಬೀದಿಯಲ್ಲಿ ನಾಲ್ಕು ಮನೆಗೊಂದು ಖಾಲಿ. ಮುಂದಿನ ಹುಲ್ಲು ಒಣಗಿ ಕಂದಾಗಿತ್ತು. ಬ್ಯಾಂಕಿನ ವಶವಾದ ಮನೆಗಳು ಕಣ್ಣಿಗೆ ಚೆನ್ನಾಗಿ ಕಾಣಲೆಂದು ಒಣಹುಲ್ಲಿಗೆ ಹಸಿರು ಬಣ್ಣ ಸಿಂಪಡಿಸುವ ಉದ್ಯೋಗವೊಂದು ಆ ದಿನಗಳಲ್ಲಿ ಆ ರಾಜ್ಯದಲ್ಲಿ ಹುಟ್ಟಿಕೊಂಡಿತ್ತು. 1930ರ ದಶಕದ ಧೂಳುಗಾಳಿಯ ಬರದಲ್ಲಿ ಒಕ್ಲಹೋಮ, ಟೆಕ್ಸಸ್ಸುಗಳಿಂದ ರೈತ ಕುಟುಂಬಗಳು ಹಾಸಿಗೆ ಪಾತ್ರೆಗಳನ್ನು ಲಾರಿಗೇರಿಸಿಕೊಂಡು ಬಂದದ್ದು ಇದೇ ಕಣಿವೆಗೆ. ಸ್ಟೈನ್‌ಬೆಕ್ 1939ರ ತನ್ನ ಕಾದಂಬರಿಯಲ್ಲಿ ಬರೆದದ್ದು ಅವರ ಕಥೆ. ಎಪ್ಪತ್ತು ವರ್ಷಗಳ ಬಳಿಕ ಜನ ಅಲ್ಲಿಂದ ಟೆಕ್ಸಸ್ಸಿಗೆ ಹೊರಟಿದ್ದರು. ಆ ಬಡವರು ಬರುವಾಗ ಗಂಡ ಮುಂದೆ ಹೋಗಲಿ, ಹೆಂಡತಿ ಮಕ್ಕಳು ಆಮೇಲೆ ಬರಲಿ ಎಂದು ಕಾದವರು ಕಡಿಮೆ. ಕಾಯಲು ಅವರ ಬಳಿ ಮನೆಯೇ ಉಳಿದಿರಲಿಲ್ಲ.

ತಮ್ಮ ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ವಿಮಾನದಲ್ಲಿ ಬರುತ್ತಿದ್ದ. ಒಂದು ಶನಿವಾರ ಸಂಜೆ ಕರೆಂಟು ಹೋಯಿತು. ಅವನು ಕತ್ತಲಲ್ಲಿ ತನ್ನ ಹತ್ತು ವರ್ಷದ ಮಗಳನ್ನು, "ಟಾರ್ಚ್ ಎಲ್ಲಿಡ್ತೀರಮ್ಮ ನೀವು?" ಎಂದು ಕೇಳಿದ. 'ಇಡ್ತೀರಿ' ಎಂದ, 'ಇಡ್ತೀವಿ' ಎನ್ನಲಿಲ್ಲ. ಹುಡುಗಿ ಅತಿಥಿಗೆ ತಂದುಕೊಡುವಂತೆ ತಂದುಕೊಟ್ಟಳು. ಅವಳು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಳು. ನಾನು ದಿನವೂ ಭಿನ್ನರಾಶಿ ಹೇಳಿಕೊಟ್ಟೆ. ಅಪ್ಪ ಬಂದಾಗ ಅವನ ಬಳಿ ಪುಸ್ತಕ ತೆಗೆದುಕೊಂಡು ಹೋಗು ಎಂದರೆ, "ಅವರಿಗೆ ಎರಡೇ ದಿನ ಇರೋದು ದೊಡ್ಡಪ್ಪ, ಸುಮ್ಮನೆ ತೊಂದರೆ" ಎಂದಳು. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವನಿಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾವಗಡದಿಂದ ಮರಳಿದ ಮೇಲೆ ನನ್ನ ಮಗನೂ ನಾನು ಏನಾದರೂ ಕೇಳಿದರೆ ಮೊದಲು ತಾಯಿಯ ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದ. ಅದನ್ನು ನಾನು ಆಗ ಅವನ ನಾಚಿಕೆ ಎಂದುಕೊಂಡಿದ್ದೆ.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ನಾನು ತಪ್ಪಿದ್ದು ಭಾವನೆಯಲ್ಲಿ ಮಾತ್ರವಲ್ಲ, ಲೆಕ್ಕದಲ್ಲಿಯೂ ತಪ್ಪಿದ್ದೆ.

ಕಂತು, ಆಸ್ತಿ ತೆರಿಗೆ, ವಿಮೆ ಸೇರಿ ಟ್ರೇಸಿಯ ಮನೆಗೆ ತಿಂಗಳಿಗೆ 3,200 ಡಾಲರ್. ಆಸ್ಟಿನ್ನಿನ ರೂಮಿಗೆ 900, ವಿಮಾನಕ್ಕೆ 600. ಒಟ್ಟು 4,700. ಮೊದಲ ದಿನವೇ ಟ್ರೇಸಿಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ 1,700 ಬರುತ್ತಿತ್ತು. ಕೈಯಿಂದ ಸೇರಿಸಬೇಕಾದದ್ದು 1,500. ಆಸ್ಟಿನ್ನಿನಲ್ಲಿ ಸಂಸಾರಕ್ಕೆ ಸಾಕಾಗುವ ಬಾಡಿಗೆ ಮನೆಗೆ 1,400. ಒಟ್ಟು 2,900. ವ್ಯತ್ಯಾಸ ತಿಂಗಳಿಗೆ 1,800. ಅವರು ಬೇರೆ ಬೇರೆ ಇದ್ದದ್ದು 26 ತಿಂಗಳು, 46,800 ಡಾಲರ್. ಬಾಡಿಗೆದಾರ ಸಿಗದ ತಿಂಗಳು, ನಲ್ಲಿ ಸೋರಿದ ಖರ್ಚು ಎಂದು ಸ್ವಲ್ಪ ಕಳೆಯಿರಿ. ಆದರೂ, ಮುಳುಗಿಹೋದ 48,000ದ ಮುಂಗಡವನ್ನು ಉಳಿಸಿಕೊಳ್ಳುತ್ತೇವೆಂದು ಹೊರಟು ಬಹುಮಟ್ಟಿಗೆ ಅಷ್ಟೇ ಹಣವನ್ನು ಎರಡನೆಯ ಸಲ ಮುಳುಗಿಸಿದಂತಾಯಿತು.

ಏಕೆ ಹೀಗಾಗುತ್ತದೆ? ಕೊಂಡ ಬೆಲೆ ಮನಸ್ಸಿನಲ್ಲಿ ಮೊಳೆಯಂತೆ ಕೂತಿರುತ್ತದೆ. ಗಳಿಕೆಯ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ದೊಡ್ಡದೆಂದು ಕಾನಮನ್ ಮತ್ತು ಟ್ವರ್ಸ್‌ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿಯೇ ಬರೆದರು. ಕಾನಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದವರು ಇತರರಿಗಿಂತ ಹೆಚ್ಚು ಬೆಲೆ ಹೇಳಿ, ಹೆಚ್ಚು ಕಾಲ ಕಾಯುತ್ತಾರೆಂದು ತೋರಿಸಿತು. ನ್ಯಾಯವಾಗಿ ಹೇಳಬೇಕೆಂದರೆ, ಹಾಗೆ ಕಾದವರಿಗೆ ಕೊಂಚ ಹೆಚ್ಚು ಬೆಲೆಯೂ ಸಿಕ್ಕಿತು. ಆದರೆ ಆ ಕೋಷ್ಟಕಗಳಲ್ಲಿ ಕಾಯುವವರ ಮಕ್ಕಳಿಗೆ ಕಾಲಂ ಇರಲಿಲ್ಲ.

ಮತ್ತೊಂದು ಸರಳ ಅಂಕಗಣಿತವನ್ನು ಜನ ಮರೆಯುತ್ತಾರೆ. ಬೆಲೆ ಇಳಿದ ಕಾಲದಲ್ಲಿ ನಾವು ಮಾರುವವರಷ್ಟೇ ಅಲ್ಲ, ಮುಂದಿನ ಊರಿನಲ್ಲಿ ಕೊಳ್ಳುವವರೂ ಹೌದು. ನಮ್ಮ ಮನೆ 5 ಲಕ್ಷದ್ದು, ಹೋಗುವ ಊರಿನದು 8 ಲಕ್ಷದ್ದು ಎಂದಿಟ್ಟುಕೊಳ್ಳಿ; ಅಂತರ 3 ಲಕ್ಷ. ಎರಡೂ ಕಡೆ ಶೇಕಡ 20 ಇಳಿದರೆ 4 ಮತ್ತು 6.4, ಅಂತರ 2.4ಕ್ಕೆ ಇಳಿಯುತ್ತದೆ. ದುಬಾರಿ ಊರಿಗೆ ಹೋಗುವವನಿಗೆ ಇಳಿತವೇ ಲಾಭ. ಅಗ್ಗದ ಊರಿಗೆ ಹೋಗುವವನಿಗೆ ಮಾತ್ರ ಅದೇ ಲೆಕ್ಕ ತಿರುಗಿ ಹೊಡೆಯುತ್ತದೆ. ತಮ್ಮನ ಸ್ಥಿತಿ ಇದಕ್ಕಿಂತ ಕಷ್ಟದ್ದು, ಒಪ್ಪುತ್ತೇನೆ: ಅವನ ಊರು ಪಾತಾಳಕ್ಕೆ ಹೋಗಿತ್ತು, ಹೋಗುವ ಊರು ಅಲುಗಿರಲಿಲ್ಲ. ಆದರೆ ಕಾದರೆ ಅದು ಸರಿಹೋಗುತ್ತಿತ್ತೇ? ಟ್ರೇಸಿಯ ಬೆಲೆಗಳು ಮತ್ತೆ 2006ರ ಮಟ್ಟ ಕಾಣಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಭಿನ್ನರಾಶಿ ಕಲಿಯುತ್ತಿದ್ದ ಹುಡುಗಿ ಕಾಲೇಜಿನಲ್ಲಿದ್ದಳು.

ಕೊನೆಗೆ 2011ರ ಸೆಪ್ಟೆಂಬರಿನಲ್ಲಿ ಅವರು ಮನೆಯನ್ನು 'ಶಾರ್ಟ್ ಸೇಲ್' ಮಾಡಿದರು. ಅಂದರೆ ಸಾಲಕ್ಕಿಂತ ಕಡಿಮೆ ಬೆಲೆಗೆ ಮಾರಲು ಬ್ಯಾಂಕು ಒಪ್ಪಿ ಉಳಿದದ್ದನ್ನು ಬಿಟ್ಟುಬಿಡುವುದು. ಬಂದದ್ದು 1,95,000. ಬ್ಯಾಂಕು ಮಾತಿಗೆ ಬರಬೇಕಾದರೆ ಮೊದಲು ಕಂತು ನಿಲ್ಲಿಸಬೇಕಾಯಿತು. ತಮ್ಮ ಅದಕ್ಕೆ ತಿಂಗಳುಗಟ್ಟಲೆ ಹಿಂಜರಿದ. ಸೊಸೈಟಿಯ ಸಾಲ ತೀರಿಸಲು ನಮ್ಮ ತಂದೆ ಎತ್ತು ಮಾರಿದ್ದನ್ನು ನಾನೇ ಅವನಿಗೆ ಕಥೆಯಾಗಿ ಹೇಳಿ ಬೆಳೆಸಿದ್ದೆ. ಈಗ ಅದೇ ಕಥೆ ಅವನ ಕಾಲಿಗೆ ತೊಡರಿತ್ತು. ಕೊಟ್ಟ ಮಾತು ದೊಡ್ಡದು, ಅನುಮಾನವಿಲ್ಲ. ಆದರೆ ಅವನು ಬ್ಯಾಂಕಿಗೆ ಕೊಟ್ಟ ಮಾತು ಏನು? ವಾಸದ ಮನೆಯನ್ನು ಕೊಳ್ಳಲೆಂದು ಮಾಡಿದ ಮೂಲ ಸಾಲಕ್ಕೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮನೆಯೊಂದೇ ಹೊಣೆ. ಒಡೆಯನ ಉಳಿದ ಆಸ್ತಿ ಅಲ್ಲ. ಇದು ಸಾಲ ಕೊಟ್ಟವರಿಗೆ ಮೊದಲಿನಿಂದಲೂ ಗೊತ್ತಿದ್ದದ್ದು. 2007ರಲ್ಲಿ ಅಮೆರಿಕದ ಸಂಸತ್ತು, ಹೀಗೆ ಬಿಟ್ಟ ಸಾಲವನ್ನು ಆದಾಯವೆಂದು ತೆರಿಗೆ ಹಾಕದಂತೆಯೂ ತಾತ್ಕಾಲಿಕ ಕಾನೂನು ಮಾಡಿತ್ತು. ಷರತ್ತಿನೊಳಗೇ ಇರುವ ದಾರಿಯನ್ನು ಹಿಡಿದವನು ವಚನಭ್ರಷ್ಟನಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯ. ನಮ್ಮ ದೇಶದಲ್ಲಿ ಈ ದಾರಿ ಇಲ್ಲ ಎಂಬುದನ್ನು ಓದುಗರು ಮರೆಯಬಾರದು. ಇಲ್ಲಿ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಡಿ ಮನೆಯನ್ನು ಹರಾಜು ಹಾಕಿದ ಮೇಲೂ ಉಳಿದ ಬಾಕಿಗೆ ಸಾಲಗಾರನನ್ನು ಹಿಡಿಯಬಹುದು.

ತಮ್ಮನಿಗೆ ಅದರ ಬೆಲೆ ತಗುಲದೆ ಹೋಗಲಿಲ್ಲ. ಕೆಲವು ವರ್ಷ ಹೊಸ ಸಾಲ ಹುಟ್ಟಲಿಲ್ಲ. ಬಾಡಿಗೆ ಮನೆಯಲ್ಲಿದ್ದು 2015ರಲ್ಲಿ ಆಸ್ಟಿನ್ನಿನ ಹೊರವಲಯದಲ್ಲಿ ಚಿಕ್ಕ ಮನೆಯೊಂದನ್ನು ಕೊಂಡ. ಅವನು ನನ್ನನ್ನು ಎಂದೂ ದೂರಲಿಲ್ಲ. ಅವನ ಹೆಂಡತಿ ಒಮ್ಮೆ ಮಾತ್ರ, ಬೇರೇನೋ ಮಾತಿನ ನಡುವೆ, "ಆ ಎರಡು ವರ್ಷದ ಫೋಟೋಗಳಲ್ಲಿ ಇವರೇ ಇಲ್ಲ ಭಾವ" ಎಂದಳು.

ಹಾಗಾಗಿ ಆ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಗೆ ನಾನು ಹೇಳಿದ್ದು ಹೀಗೆ. ಕೊಂಡ ಬೆಲೆಯನ್ನು ಹಾಳೆಯಿಂದ ಅಳಿಸಿಬಿಡು. ಅದು ಇತಿಹಾಸದ ಪಾಠ, ಗಣಿತದ್ದಲ್ಲ. ಇಂದು ಮಾರಿದರೆ ಎಷ್ಟು, ಇಟ್ಟುಕೊಂಡರೆ ತಿಂಗಳಿಗೆ ಎಷ್ಟು, ಬಾಡಿಗೆಗೆ ಕೊಟ್ಟರೆ ಎಷ್ಟು, ಇವು ಮೂರೇ ಸಂಖ್ಯೆ ಬರೆ. ಅವನ ಸಾಲದ ಬಡ್ಡಿ ಶೇಕಡ 3. 2023, 2024ರಲ್ಲಿ ಹೊಸ ಸಾಲಗಳ ಬಡ್ಡಿ 6ರಿಂದ 8ರ ನಡುವೆ ಓಡಾಡಿತು. ಅಂತಹ ಅಗ್ಗದ ಸಾಲವನ್ನು ಸುಮ್ಮನೆ ತೀರಿಸಿ ಕಳೆದುಕೊಳ್ಳುವುದು ಜಾಣತನವಲ್ಲ. ತಮ್ಮನಿಗೆ ಇರದಿದ್ದ ಅನುಕೂಲ ಇವನಿಗಿದೆ. ಬಾಡಿಗೆ ಕಂತನ್ನು ಮುಕ್ಕಾಲು ಪಾಲು ತುಂಬಿದರೂ ಮನೆಯನ್ನು ಇಟ್ಟುಕೊಳ್ಳಬಹುದು. ಆದರೆ ಮನೆ ಅಲ್ಲಿರಬಹುದು ಎಂದ ಮಾತ್ರಕ್ಕೆ ಮನೆಯವರೂ ಅಲ್ಲಿರಬೇಕೆಂದಿಲ್ಲ. ಇವೆರಡನ್ನೂ ಒಂದೇ ಪ್ರಶ್ನೆ ಎಂದುಕೊಂಡದ್ದೇ ನನ್ನ 2009ರ ತಪ್ಪು. ರಾಲಿಯಲ್ಲಿ ಸಂಸಾರಸಮೇತ ಬಾಡಿಗೆಗೆ ಇರು, ಒಂದೆರಡು ವರ್ಷ ಏನನ್ನೂ ಕೊಳ್ಳಬೇಡ.

ಎಲ್ಲ ಕಾಲಕ್ಕೂ ಒಟ್ಟಿಗೇ ಹೋಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮಗು ಶಾಲೆಯ ಕೊನೆಯ ವರ್ಷದಲ್ಲಿದ್ದರೆ ಅಲುಗಿಸಬಾರದು. ಹೊಸ ಕೆಲಸ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಕೆಲವು ತಿಂಗಳು ಒಬ್ಬನೇ ಹೋಗಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೊಂದು ತಾರೀಖು ಇರಬೇಕು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ತಾರೀಖು. 'ಬೆಲೆ ಚೇತರಿಸಿಕೊಂಡ ಮೇಲೆ' ಎಂಬುದು ಯಾವ ಕ್ಯಾಲೆಂಡರಿನಲ್ಲಿಯೂ ಇಲ್ಲ.

ನಲವತ್ತು ನಿಮಿಷ ಹೀಗೆ ಉಪದೇಶ ಮಾಡಿ ಕರೆ ಮುಗಿಸಿದೆ. ಒಳಗಿನಿಂದ ನನ್ನ ಹೆಂಡತಿ, "ಅವನ ಹೆಂಡತಿ ಏನಂತಾಳಂತೆ?" ಎಂದು ಕೇಳಿದಳು. ಅವನು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹದಿನಾರು ವರ್ಷದ ಹಿಂದೆ ತಮ್ಮನನ್ನೂ ಕೇಳಿರಲಿಲ್ಲ. ಮರುದಿನ ನಾನೇ ಮತ್ತೆ ಕರೆ ಮಾಡಿ, ಫೋನನ್ನು ಆಕೆಯ ಕೈಗೆ ಕೊಡು ಎಂದೆ.

ಆಕೆ ನಮಸ್ಕಾರ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಲಿಯಲ್ಲಿ ಸ್ಕೂಲು ಯಾವಾಗ ಶುರುವಾಗುತ್ತೆ ಅಂತ ನಿಮಗೇನಾದರೂ ಗೊತ್ತಾ ಸಾರ್?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ನನ್ನ ವಿದ್ಯಾರ್ಥಿಯ ದನಿ ಕೇಳಿಸಿತು: "ಆಗಸ್ಟ್ ಕೊನೇಲಿ."